ಏಣಿ ಮೇಷ್ಟ್ರ ಸಿರಿವಂತಿಕೆ

ಆ ಬೀದಿಯಲ್ಲಿ ಏಣಿ ಮೇಷ್ಟ್ರಷ್ಟು ದೊಡ್ಡ ಶ್ರೀಮಂತರು ಇನ್ನೊಬ್ಬರಿಲ್ಲ. ಅವರ ಆಸ್ತಿ ಒಂದು ಮನೆಯಲ್ಲಿ ಹಿಡಿಸದೆ ಬೀದಿಯ ಮನೆಮನೆಯಲ್ಲೂ ಹರಡಿಕೊಂಡಿದೆ. ಎರವಲು ಹೋದ ಏಣಿ ಮೂಲೆಮನೆಯಲ್ಲಿ, ಸುತ್ತಿಗೆ ದರ್ಜಿಯ ಹತ್ತಿರ, ಆರು ಕುರ್ಚಿಗಳು ಆರು ಕಡೆ. ತಮ್ಮನೆಯ ಬಲ್ಬು ಹೋದರೆ ಮೇಷ್ಟ್ರು ಮೂಲೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತು, "ತಮಗೆ ತೊಂದರೆ ಇಲ್ಲ ಅಂದ್ರೆ ಏಣಿ ಐದು ನಿಮಿಷ ಕೊಡ್ತೀರಾ?" ಎಂದು ಕೇಳುತ್ತಾರೆ, ಆರನೇ ನಿಮಿಷಕ್ಕೆ ತಾವೇ ಹೊತ್ತು ಹಿಂತಿರುಗಿಸುತ್ತಾರೆ. "ಇನ್ನು ಉಳಿದಿರೋದು ನಾನೊಬ್ಬಳು, ನನ್ನನ್ನೂ ಕೊಟ್ಟುಬಿಡಿ" ಎಂದು ಹೆಂಡತಿ ಸಿಡುಕಿದರೆ, "ಯಾರೂ ಕೇಳಿಲ್ವಲ್ಲೇ" ಎನ್ನುತ್ತಾರೆ. ಹೊಸ ಬಾಡಿಗೆಯವನೊಬ್ಬ ತಾನು ಒಯ್ದಿದ್ದ ಗರಗಸವನ್ನು ಹೇಳಿದ ದಿನವೇ ಒರೆಸಿ ತಂದುಕೊಟ್ಟಾಗ ಮಾತ್ರ ಮಹಾನುಭಾವರ ಮುಖ ಬಾಡಿತ್ತು: "ನನ್ನಿಂದ ಏನಾದ್ರೂ ತಪ್ಪಾಯ್ತಾ?" ಮೊನ್ನೆ ಯಾರದೋ ಸೂರು ಸರಿಮಾಡಲು ಹತ್ತಿ, ಬಿದ್ದು, ಕಾಲು ಮುರಿದುಕೊಂಡು ಮಲಗಿದರು. ಆ ಮನೆಯಲ್ಲಿ ಕೂರಲು ಏನೂ ಇಲ್ಲವೆಂದು ಚೆನ್ನಾಗಿ ಬಲ್ಲ ನೆರೆಯವರು ಕುರ್ಚಿ ಹೊತ್ತುಕೊಂಡೇ ನೋಡಲು ಬಂದರು. ಎಷ್ಟೋ ವರ್ಷಗಳ ಮೇಲೆ ಆರೂ ಕುರ್ಚಿಗಳು ಒಂದೇ ಕೋಣೆಯಲ್ಲಿ ಸೇರಿದ್ದನ್ನು ಕಂಡ ಹೆಂಡತಿ, ಇವತ್ತು ಒಂದನ್ನೂ ಹೊರಗೆ ಬಿಡುವುದಿಲ್ಲವೆಂದು ಟೊಂಕಕಟ್ಟಿ ಬಾಗಿಲಿಗೆ ಅಡ್ಡ ನಿಂತರು. ಒಳಗೆ, ಬೆಳಗಿನಿಂದ ನರಳುತ್ತಿದ್ದ ಮೇಷ್ಟ್ರು ಆರು ಜನರ ನಡುವೆ ಕಾಲಿನ ನೋವು ಮರೆತು ನಗುತ್ತಿದ್ದರು. ಆಕೆಯ ಮುಖ ನೋಡಿದ ನೆರೆಯವರು ಕುರ್ಚಿಗಳನ್ನು ಅಲ್ಲೇ ಬಿಟ್ಟು ಮೆಲ್ಲನೆ ಎದ್ದರು. "ಯಾಕೆ ಬಿಟ್ಟು ಹೋಗ್ತಿದ್ದೀರಿ? ತಗೊಂಡು ಹೋಗಿ," ಎಂದರು ಆಕೆ ಗಂಡನ ಮುಖ ನೋಡಿ ಬಾಗಿಲಿಂದ ಸರಿದು, "ನಾಳೆ ಬರುವಾಗ ತಂದ್ರಾಯ್ತು."