ಅಂಬುಬಾಯಿಯವರ ಚಿಂಗಮ್ ಕೆಂಪಾದ ಬಗೆ

ವಾಚಕ ಮಹಾಶಯರೇ, ಈ ಪುರವಣಿಯನ್ನು ಬಿಡಿಸಿಕೊಂಡು ತಾವು ನಿಶ್ಚಿಂತೆಯಿಂದ ಉಪಾಹಾರ ಸೇವಿಸುತ್ತಿರುವ ಈ ಶುಭ ಘಳಿಗೆಯಲ್ಲಿ, ಅಗಿಯುವುದೂ ಒಂದು ಭಾಗ್ಯವೆಂಬುದನ್ನು ತಮ್ಮ ಅವಗಾಹನೆಗೆ ತರಲು ಅಪ್ಪಣೆಯಾಗಲಿ.

ನಾಲವಾರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೊದಲ ಪ್ಯಾಸೆಂಜರ್ ಗಾಡಿಯಿಂದ ನನ್ನ ಜೊತೆ ಇಳಿದು ಬಂದ ಫರಹತ, ಪದ್ಮಾಬಾಯಿಯವರ ಮನೆಯ ಕಟ್ಟೆಯ ಮೇಲೆ ನೀರಿನ ತಂಬಿಗೆ, ಕೈಗನ್ನಡಿ, ಬಣ್ಣದ ಪಟ್ಟಿ ಜೋಡಿಸುತ್ತಿದ್ದಾರೆ. ಶಹಾಬಾದಿನ ದಂತವೈದ್ಯರೊಬ್ಬರ ಸಹಾಯಕಿ ಈಕೆ. ತಮ್ಮ ವಾರದ ರಜೆಯ ದಿನ ಊರೂರಿಗೆ ಹೋಗಿ ವೃದ್ಧರಿಗೆ ಒಂದು ಬಗೆಯ ಚಿಂಗಮ್ ಕೊಡುತ್ತಾರೆ. ಚೆನ್ನಾಗಿ ಅಗಿದರೆ ಅದರ ಹಸಿರು ಕೆಂಪಾಗುತ್ತದೆ; ಅಗಿಯಲಾಗದ ಬಾಯಲ್ಲಿ ಹಸಿರಾಗಿಯೇ ಉಳಿಯುತ್ತದೆ. ಪಟ್ಟಿಯ ಪಕ್ಕ ಹಿಡಿದು ಬಣ್ಣ ಹೇಳಬೇಕಾದವರು ಅಗಿದವರೇ.

“ನಾ ಹೇಳಿದ್ರ ಸಿಟ್ಟಿಗೇಳ್ತಾರ್ರಿ. ಬಾಯಿ ಅವರದು, ಅವರೇ ಹೇಳಬೇಕು,” ಎನ್ನುತ್ತಾರೆ ಆಕೆ.

ಹಾಸುಗಲ್ಲು ಕಡಿಯುತ್ತಿದ್ದವರ ಮಗಳು ಫರಹತ. “ನಮ್ಮ ಅಮ್ಮಿ ಕೊನೀತನಕಾ ಎಲ್ಲಾ ಛಂದ ಅದ ಅಂದ್ಲು. ಬರೇ ಚಹಾದಾಗ ಅದ್ದಿದ ಪಾವ್ ತಿಂದು ದಿನ ದೂಡ್ಯಾಳ, ನಮಗ ಗೊತ್ತೇ ಆಗಲಿಲ್ಲ.” ಮುದುಕರಿಗೆ ಚಿಂಗಮ್ ಹಂಚುವಾಕೆ ಎಂದು ಗಾಡಿಯಲ್ಲಿ ಜನ ನಕ್ಕರೆ, ಅವರಿಗೂ ಒಂದು ಕೊಟ್ಟುಬಿಡುತ್ತಾರಂತೆ.

ಇಂದು ಪದ್ಮಾಬಾಯಿಯವರ ಅತ್ತೆ ಅಂಬುಬಾಯಿಯವರ ಸರದಿ. ಮುದುಕಿ ದಿನೇ ದಿನೇ ಸೊರಗುತ್ತಿದ್ದಾರೆ. “ಎಲ್ಲಾ ದವಾಖಾನಿ ಆಯ್ತು. ರೊಟ್ಟಿ ಪೂರಾ ತಿಂತಾರ, ಮೈಗಿ ಹತ್ತವಲ್ದು,” ಎನ್ನುತ್ತಾರೆ ಸೊಸೆ.

ಅಂಬುಬಾಯಿ ನಾಲ್ಕು ಸಲ ದವಡೆ ಆಡಿಸುವಷ್ಟರಲ್ಲಿ ಚಿಂಗಮ್ ಕೆಂಪಾಗಿದೆ.

“ನೋಡು, ಮೆಣಸಿನಕಾಯಿಗಿಂತ ಕೆಂಪು!”

ಫರಹತ ಮುಗುಳ್ನಗುತ್ತಾರೆ. “ಆಯಿ, ದವಡ್ಯಾಗ ಎಲಿ ಇಟ್ಕೊಂಡೀರೇನು?”

ವೀಳ್ಯದೆಲೆಗೆ ಹಚ್ಚಿದ ಸುಣ್ಣ ತಾಗಿದರೆ ಅಗಿಯದೆಯೂ ಚಿಂಗಮ್ ಕೆಂಪಾಗುತ್ತದೆ. ಬಾಯಿ ಮುಕ್ಕಳಿಸಿ ಮತ್ತೊಂದನ್ನು ಅಗಿಯುತ್ತಾರೆ ಅಂಬುಬಾಯಿ. ಬಹಳ ಹೊತ್ತು ಅಗಿದು, ಪಟ್ಟಿಗೆ ಹಿಡಿದು, ಬೆಳಕಿನತ್ತ ಹೊರಳಿಸಿ ಮತ್ತೊಮ್ಮೆ ನೋಡುತ್ತಾರೆ. ಫರಹತ ಅವಸರಿಸುವುದಿಲ್ಲ.

“ಹಸರು,” ಎನ್ನುತ್ತಾರೆ ಕೊನೆಗೆ. “ಹಲ್ಲು ಕೀಳ್ತಾರಂತ ಅಂಜಿದ್ದೆ. ರೊಟ್ಟಿ ಸೆರಗಿನ್ಯಾಗ ಮುಚ್ಚಿ ಎಮ್ಮಿಗಿ ಹಾಕ್ತಿದ್ದೆ.”

“ಅದಕ್ಕೇ ಎಮ್ಮಿ ನಿಮ್ಮನ್ನ ಕಂಡ್ರ ಒದರತದ!” ನಕ್ಕ ಪದ್ಮಾಬಾಯಿ ಮರುಕ್ಷಣ ಮುಖ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಾರೆ.

“ಎಲ್ಲಾ ಕೀಳೂದಿಲ್ಲ ಆಯಿ. ಯಾವುದು ಉಳೀತದ ಅಂತ ಡಾಕ್ಟರ್ ನೋಡ್ತಾರ. ನಾ ಕೈ ಹಿಡ್ಕೊಂಡು ನಿಲ್ತೀನಿ.”

“ಬಿಟ್ಟಿ ಅಂದ್ರ ಕಚ್ಚತೀನಿ ನೋಡು!”

“ಕಚ್ರಿ! ಕಚ್ಚೂವಂಗ ಆಗಲಿ ಅಂತೇ ಕರ್ಕೊಂಡು ಹೊಂಟೀನಿ.”

ಶಹಾಬಾದ ಕಡೆಯ ಗಾಡಿಗೆ ಹೊತ್ತಾಯಿತು. ಅಂಬುಬಾಯಿ ಎಲೆಚೀಲವನ್ನು ಸೊಸೆಯ ಕೈಗಿತ್ತು ಫರಹತರ ತೋಳು ಹಿಡಿದಿದ್ದಾರೆ. ನಾನೂ ಚೀಲ ಕಟ್ಟಿ ಹೆಗಲಿಗೇರಿಸಿ ಚಿತ್ತಾಪುರದ ಬಸ್ಸಿನತ್ತ ಹೊರಡುತ್ತೇನೆ. ಹಿಂದೆ ಎಮ್ಮೆ ಒಂದೇ ಸಮನೆ ಒದರುತ್ತಿದೆ. ಇಂದಿನ ರೊಟ್ಟಿ ಅದಕ್ಕಿನ್ನೂ ಸಿಕ್ಕಿಲ್ಲ.