ಕ್ಲಿಫ್ ಎಂಟ್ವಿಸಲ್‌ನ ಬಲಗಣ್ಣು

ನಮ್ಮ ರಾಡನ್‌ಶಾದಲ್ಲಿ ಕ್ಲಿಫ್ ಎಂಟ್ವಿಸಲ್ ಯಾರೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಆರಡಿ ಮೀರಿದ ಆಳು, ಎದೆ ಮುಟ್ಟುವ ಕೆಂಪು ಗಡ್ಡ, ಊರ ಕಸಾಯಿಖಾನೆಯಲ್ಲಿ ಹದಿನಾರು ವರ್ಷದ ನೌಕರಿ. ವಾರವಿಡೀ ದನ ಕಡಿಯುತ್ತಿದ್ದ. ಶನಿವಾರ ಬಂತೆಂದರೆ ಊರ ಫುಟ್‌ಬಾಲ್ ತಂಡ ರಾಡನ್‌ಶಾ ರೋವರ್ಸ್‌ನ ಆಟಕ್ಕೆ ಹೋಗಿ ಮನುಷ್ಯರ ಮೇಲೆ ಕೈಮಾಡುತ್ತಿದ್ದ. ಭಾನುವಾರ ಹೆಂಡತಿ ಮಾರ್ಲೀನ್ ಅವನ ಊದಿದ ಗೆಣ್ಣುಗಳಿಗೆ ಮುಲಾಮು ತಿಕ್ಕುತ್ತ, ಅವನನ್ನೂ ಅವನ ಫುಟ್‌ಬಾಲನ್ನೂ ಒಟ್ಟಿಗೇ ಬೈಯುತ್ತಿದ್ದಳು. ಅವನು ನಗುತ್ತ ಬೈಸಿಕೊಳ್ಳುತ್ತಿದ್ದ.

ಅವನನ್ನು ಪುಂಡ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ಸುಲಭ. ಪುಂಡನೇ, ಇಲ್ಲವೆನ್ನುವುದಿಲ್ಲ. ಆದರೆ ಹತ್ತಿಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ನಮ್ಮೂರ ಹೆಸರು ಪೇಪರಿನಲ್ಲಿ ಅಚ್ಚಾಗುತ್ತಿದ್ದುದು ಫುಟ್‌ಬಾಲ್ ಪುಟದಲ್ಲಿ ಮಾತ್ರ. ಅದೂ ಎರಡನೇ ಡಿವಿಷನ್ನಿನ ಪಟ್ಟಿಯ ಅಡಿಯಲ್ಲೆಲ್ಲೋ. ಅಲ್ಲಿಂದಲೂ ಕೆಳಕ್ಕೆ ಜಾರಿದರೆ ಊರೇ ಇಲ್ಲವಾಗುತ್ತದೆ ಎಂದು ಕ್ಲಿಫ್ ನಂಬಿದ್ದ. ತಂಡ ಕಾಲಿನಲ್ಲಿ ಆಡುವುದನ್ನು ತಾನು ಕೈಯಲ್ಲಿ ಆಡುತ್ತಿದ್ದೇನೆ ಎನ್ನುವುದು ಅವನ ಲೆಕ್ಕ.

ಎಪ್ಪತ್ತಾರರ ಆಗಸ್ಟಿನಲ್ಲಿ ಮೊದಲ ಎರಡು ಆಟ ಗೆದ್ದುಬಿಟ್ಟೆವು. ಇನ್ನೇನು ಮೊದಲ ಡಿವಿಷನ್ನಿಗೇ ಹೋದೆವು ಎಂದು ಪಬ್ಬಿನಲ್ಲಿ ಕುಣಿದದ್ದೇ ಕುಣಿದದ್ದು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಅಕ್ಟೋಬರಿನಲ್ಲಿ ನಮ್ಮ ನಾಯಕನ ಮೊಣಕಾಲಿನ ಕೆಳಗೆ ಎದುರಾಳಿಯ ಬೂಟು ಬಿತ್ತು. ಮೂಳೆ ಮುರಿದ ಸದ್ದು ಗೋಲಿನ ಹಿಂದೆ ಪ್ರೇಕ್ಷಕರ ಮೆಟ್ಟಿಲ ಮೇಲೆ ನಿಂತಿದ್ದ ಕ್ಲಿಫ್‌ಗೂ ಕೇಳಿಸಿತು. ಆಮೇಲೆ ಒಂಬತ್ತು ಆಟಗಳಲ್ಲಿ ಗೆದ್ದದ್ದು ಒಂದೇ ಒಂದು.

ತಂಡ ಸೋತಷ್ಟೂ ಹೊಡೆದಾಟ ಜಾಸ್ತಿಯಾಯಿತು. ನವೆಂಬರಿನ ಒಂದು ಆಟದಲ್ಲಿ ಎದುರು ಕಡೆಯವರು ಬೇಲಿಯಾಚೆಯಿಂದ ನಾಣ್ಯಗಳನ್ನು ಎಸೆಯತೊಡಗಿದರು. ಅಂಚನ್ನು ಅರದಿಂದ ಉಜ್ಜಿ ಬ್ಲೇಡಿನಂತೆ ಮಾಡಿದ ನಾಣ್ಯಗಳು. ಒಂದು ಕ್ಲಿಫ್‌ನ ಎಡಗಣ್ಣಿಗೆ ಬಿತ್ತು. ರಕ್ತ ಗಡ್ಡಕ್ಕೆ ಇಳಿಯುತ್ತಿದ್ದರೂ ಅವನು ಬೇಲಿ ಹತ್ತಿ ಇಬ್ಬರ ಮೂಗು ಚಚ್ಚಿದ ಮೇಲೆಯೇ ಕೆಳಗೆ ಬಿದ್ದದ್ದು.

ಆಸ್ಪತ್ರೆಯಲ್ಲಿ ಡಾಕ್ಟರು ಸುತ್ತುಬಳಸದೆ ಹೇಳಿದರು. "ಮಿಸ್ಟರ್ ಎಂಟ್ವಿಸಲ್, ನಿಮ್ಮ ಎಡಗಣ್ಣು ಹೋಯ್ತು. ಬಲಗಣ್ಣಿನ ಒಳಗೂ ಪೊರೆ ಸಡಿಲ ಆಗಿದೆ. ಅದಕ್ಕೆ ಇನ್ನೊಂದೇ ಒಂದು ಪೆಟ್ಟು ಬಿದ್ರೂ ಮುಗೀತು, ನಮ್ಮ ಕೈಲಿ ಏನೂ ಆಗಲ್ಲ."

ಮಾರ್ಲೀನ್ ಅವನನ್ನು ಮನೆಗೆ ಕರೆತಂದಳು. ಚಹಾ ಮಾಡಿ ಅವನ ಮುಂದೆ ಕುಕ್ಕಿ ಹೇಳಿದಳು:

"ಕುರುಡನ್ನ ಕೈ ಹಿಡ್ಕೊಂಡು ಕಕ್ಕಸಿಗೆ ಬಿಡೋದಕ್ಕೆ ನಾನು ನಿನ್ನ ಕಟ್ಕೊಂಡಿಲ್ಲ ಕ್ಲಿಫ್. ಒಂದು ಉಳಿದಿದೆ. ಅದನ್ನ ಕಾಪಾಡ್ಕೋತೀಯೋ, ಅದನ್ನೂ ರೋವರ್ಸಿಗೆ ದಾನ ಮಾಡ್ತೀಯೋ?"

"ಕಾಪಾಡ್ಕೋತೀನಿ ಕಣೇ," ಎಂದ.

ಐದು ವಾರ ಕಾಪಾಡಿಕೊಂಡ. ಕಸಾಯಿಖಾನೆಯ ಮೇಸ್ತ್ರಿ ಅವನ ಕೈಯಿಂದ ಕತ್ತಿ ಕಿತ್ತುಕೊಂಡು ತೊಗಲಿಗೆ ಉಪ್ಪು ಹಾಕುವ ಕೆಲಸಕ್ಕೆ ಹಾಕಿದ. ಆ ಅವಮಾನ ಅವನನ್ನು ಒಳಗೇ ತಿಂದಿತು. ಶನಿವಾರ ಮೂರು ಗಂಟೆಗೆ ಮೈದಾನದ ಕೂಗು ಮನೆಯ ತನಕ ಬರುತ್ತಿತ್ತು. ಬಚ್ಚಲಲ್ಲಿ ಕುಳಿತು ಕಿವಿ ಮುಚ್ಚಿಕೊಂಡರೂ ಬರುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು. ಜನವರಿಯಲ್ಲಿ ಮತ್ತೆ ಹೊರಟ.

ಆಗ ಅವನ ಹೊಡೆದಾಟದ ಗುಂಪಿಗೆ ಹೊಸಬರು ಸೇರಿದ್ದರು. ಅವರಲ್ಲಿ ಕೆವ್ ಪಿಲ್ಲಿಂಗ್ ಎಂಬವನು ಮುಂದಾಳು. ರತ್ನಗಂಬಳಿ ಗೋದಾಮಿನಲ್ಲಿ ಕೂಲಿ, ಇಪ್ಪತ್ತರ ಹರೆಯ, ಹೆದರಿಕೆ ಎಂದರೇನೆಂದು ಗೊತ್ತಿಲ್ಲದವನು. ಕ್ಲಿಫ್ ಎಂದರೆ ಅವನಿಗೆ ದೇವರು. ಪಬ್ಬಿನಲ್ಲಿ ಬಿಯರ್ ತಂದಿಟ್ಟು, ಎದುರಿಗೆ ಕುಳಿತು ಪಾಠ ಹೇಳಿಸಿಕೊಳ್ಳುತ್ತಿದ್ದ.

ಕಲಿಯುವುದೂ ಇತ್ತು. ಪಳಗಿದ ಜಗಳಗಂಟರು ತಂಡದ ಬಣ್ಣ ಮೈಮೇಲೆ ಹಾಕುವುದಿಲ್ಲ, ಪೊಲೀಸರ ಕಣ್ಣಿಗೆ ಬೀಳುತ್ತದೆ. ಹಾಗಿದ್ದ ಮೇಲೆ ಎದುರು ಬಂದವನು ನಮ್ಮವನೋ ಪರವೂರಿನವನೋ ತಿಳಿಯುವುದು ಹೇಗೆ? ಹತ್ತಿರ ಹೋಗಿ ಗಂಟೆ ಎಷ್ಟೆಂದು ಕೇಳಬೇಕು. ಹನ್ನೆರಡು ಮೈಲಿಗೆ ಮಾತಿನ ರಾಗ ಬದಲಾಗುವ ಸೀಮೆ ನಮ್ಮದು. ಗುಡ್ಡದಾಚೆಯ ಸ್ಕಾರ್ಬೆಕ್ಕಿನವನು ಗಂಟೆ ಹೇಳಿ ಮುಗಿಸುವ ಮೊದಲೇ ಅವನ ನಾಲಿಗೆ ಅವನ ಊರನ್ನು ಹೇಳಿಬಿಡುತ್ತದೆ.

"ಅಕಸ್ಮಾತ್ ಬಾಯೇ ಬಿಡ್ಲಿಲ್ಲ ಅನ್ನು, ಆಗ?" ಕೆವ್ ಕೇಳಿದ್ದ.

"ಬಾಯಿ ಬಿಡ್ದೇ ಇರೋನು ನಮ್ಮೋನು ಹೇಗಾಗ್ತಾನೋ ದಡ್ಡ? ನಮ್ಮೂರಲ್ಲಿ ನಾವ್ಯಾಕೆ ಬಾಯಿ ಮುಚ್ಕೊಂಡಿರ್ಬೇಕು? ಮೊದ್ಲು ಬಾರಿಸು. ಕೇಳೋದೆಲ್ಲ ಆಮೇಲೆ."

ಮೇಜಿನ ಸುತ್ತ ಇದ್ದವರೆಲ್ಲ ಹೋ ಎಂದು ನಕ್ಕರು. ಕ್ಲಿಫ್‌ಗೆ ಆ ನಗು ಬಿಯರಿಗಿಂತ ಹೆಚ್ಚು ಏರಿತು.

ಬಲಗಣ್ಣನ್ನು ಅವನು ಮರೆತಿರಲಿಲ್ಲ. ಜಗಳಕ್ಕಿಳಿದರೆ ಎಡಗೈಯನ್ನು ಮುಖಕ್ಕೆ ಅಡ್ಡ ಹಿಡಿದು ಬಲಗೈಯಲ್ಲಷ್ಟೇ ಹೊಡೆಯುತ್ತಿದ್ದ. ಏಪ್ರಿಲ್ ಮಧ್ಯದಲ್ಲಿ, ಪರವೂರಿನಲ್ಲಿ ಸೋತ ಆಟ ಮುಗಿಸಿ ಹೊರಟಾಗ ಅಲ್ಲಿನ ರೈಲು ನಿಲ್ದಾಣದಲ್ಲಿ, ಯಾರೋ ತುಂಡು ಇಟ್ಟಿಗೆಯನ್ನು ಕೆಳಗಿನಿಂದ ಬೀಸಿದ. ಕಣ್ಣು ಉಳಿಯಿತು, ದವಡೆ ಎರಡು ಕಡೆ ಮುರಿಯಿತು. ಡಾಕ್ಟರು ಗಡ್ಡವನ್ನು ಪೂರಾ ಬೋಳಿಸಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸೇರಿಸಿ ತಂತಿ ಕಟ್ಟಿದರು. ಆರು ವಾರ ಬಾಯಿ ತೆರೆಯುವಂತಿಲ್ಲ.

ಮಾರ್ಲೀನ್ ಮಾಂಸದ ಸಾರನ್ನು ಸೋಸಿ ಕೊಟ್ಟರೆ ಕೊಳವೆಯಲ್ಲಿ ಹೀರುತ್ತಿದ್ದ. ಮೂರೇ ವಾರದಲ್ಲಿ ಅರ್ಧ ಆಳಾದ, ಕೆನ್ನೆ ಒಳಕ್ಕೆ ಹೋಯಿತು. ಹಲ್ಲಿನ ಸಂದಿಯಿಂದ ಹೊರಡುತ್ತಿದ್ದ ಅವನ ಮಾತು ಅವಳೊಬ್ಬಳಿಗೆ ಬಿಟ್ಟು ಇನ್ನಾರಿಗೂ ತಿಳಿಯುತ್ತಿರಲಿಲ್ಲ. ಸದಾ ಜೊಲ್ಲು ಸುರಿಯುತ್ತಿತ್ತು. ಗುಂಪಿನವರು ನೋಡಲು ಬಂದರೆ ಮಲಗಿದ್ದಾನೆ ಎಂದು ಹೇಳಿಸಿ ಕಳಿಸುತ್ತಿದ್ದ. ಅಷ್ಟು ಜನರ ಮೂಗು ಮುರಿದವನಿಗೆ ತನ್ನ ಜೊಲ್ಲಿನ ಬಗ್ಗೆ ಅಷ್ಟೊಂದು ನಾಚಿಕೆ.

ಹೀಗಿರುವಾಗ ಮೇ ತಿಂಗಳ ಮೊದಲ ಶನಿವಾರ ಬಂತು. ಕೊನೆಯ ಆಟ, ನಮ್ಮ ಮೈದಾನದಲ್ಲಿ, ಸ್ಕಾರ್ಬೆಕ್ ವಿರುದ್ಧ. ಗೆದ್ದರೆ ಎರಡನೇ ಡಿವಿಷನ್ನಿನಲ್ಲಿ ಉಳಿಯುತ್ತೇವೆ, ಇಲ್ಲವಾದರೆ ಕೆಳಕ್ಕೆ.

"ಹೋಗ್ಲೇಬೇಕಾ?" ಮಾರ್ಲೀನ್ ಕೇಳಿದಳು.

ಅವನು ಹಲ್ಲಿನೊಳಗಿಂದ ಏನೋ ಗೊಣಗಿದ. ಅವಳಿಗೆ ಅರ್ಥವಾಯಿತು: ನೋಡದೆ ಇದ್ದರೆ ಸತ್ತುಹೋಗುತ್ತೇನೆ.

"ಸರಿ. ನಮ್ಮಪ್ಪನ ಕೋಟು, ಟೋಪಿ ಹಾಕ್ಕೊಂಡು, ಮೇಲೆ ಮುದುಕರ ಜೊತೆ ಕುರ್ಚಿ ಮೇಲೆ ಕೂತ್ಕೋ. ಮುಗಿದ ತಕ್ಷಣ ನೆಟ್ಟಗೆ ಮನೆಗೆ. ಯಾರು ಕರೆದ್ರೂ ನಿಲ್ಲಕೂಡ್ದು. ಆಣೆ ಮಾಡು."

ಅವನು ಅವಳ ತಲೆ ಮುಟ್ಟಿ ಆಣೆ ಮಾಡಿದ. ಜೊಲ್ಲು ಕಾಣದಿರಲೆಂದು ಕಂದು ಬಣ್ಣದ ಉಣ್ಣೆಯ ಶಾಲನ್ನು ಮೂಗಿನವರೆಗೆ ಸುತ್ತಿಕೊಂಡ.

ಅಂದಿನ ಆಟ ಆಟವಾಗಿರಲಿಲ್ಲ. ಹತ್ತನೇ ನಿಮಿಷಕ್ಕೆ ಸ್ಕಾರ್ಬೆಕ್ಕಿನ ಗೋಲ್‌ಕೀಪರನ ಬಾಯಿಯಿಂದ ರಕ್ತ ಬರುತ್ತಿತ್ತು. ನಮ್ಮ ಎಡಬದಿಯ ಹುಡುಗನ ಪಕ್ಕೆಲುಬಿನ ಮೇಲೆ ಯಾರೋ ಬೇಕೆಂದೇ ಕಾಲಿಟ್ಟು ಹೋದ. ಗೋಲಿನ ಹಿಂದಿನ ಮೆಟ್ಟಿಲ ಮೇಲೆ ಎರಡು ಗುಂಪುಗಳು ಪೊಲೀಸರ ಸಾಲನ್ನು ಒಡೆದು ಒಂದರೊಳಗೊಂದು ನುಗ್ಗಿದವು. ಕ್ಲಿಫ್ ಆ ಮೆಟ್ಟಿಲನ್ನು ಮೇಲಿನಿಂದ ನೋಡಿದ್ದು ಅದೇ ಮೊದಲು. ಬಿದ್ದವನೊಬ್ಬನನ್ನು ಐದಾರು ಮಂದಿ ತುಳಿಯುತ್ತಿದ್ದರು, ಬಿದ್ದವನ ಒಂದು ಬೂಟು ಕಳಚಿ ದೂರ ಉರುಳಿತ್ತು. ಕ್ಲಿಫ್‌ನ ಮುಷ್ಟಿ ತಾನಾಗಿಯೇ ಬಿಗಿಯಿತು. ಆದರೂ ಕುರ್ಚಿ ಬಿಟ್ಟು ಏಳಲಿಲ್ಲ. ಪಕ್ಕದ ಮುದುಕ ಕೊಟ್ಟ ಪೆಪ್ಪರ್‌ಮಿಂಟನ್ನು ತಿನ್ನಲಾಗದೆ ಜೇಬಿಗೆ ಹಾಕಿಕೊಂಡ.

ಎಂಬತ್ತಮೂರನೇ ನಿಮಿಷದಲ್ಲಿ ಚೆಂಡು ನಮ್ಮವನೊಬ್ಬನ ಮಂಡಿಗೆ ಬಡಿದು ಒಳಕ್ಕೆ ಹೋಯಿತು. ಅಂದವೇ ಇಲ್ಲದ ಗೋಲು. ಅಷ್ಟು ಸಾಕಿತ್ತು. ರಾಡನ್‌ಶಾ ಉಳಿಯಿತು. ಕ್ಲಿಫ್ ಶಾಲಿನೊಳಗೆ ಬಿಕ್ಕಿ ಬಿಕ್ಕಿ ಅತ್ತ.

ಸೀಟಿ ಊದಿದ್ದೇ ತಡ, ಮನೆಯ ದಾರಿ ಹಿಡಿದ. ಮುಖ್ಯ ಬೀದಿಯಲ್ಲಿ ಗಾಜು ಒಡೆಯುವ ಸದ್ದು ಕೇಳುತ್ತಿತ್ತು. ಅದನ್ನು ತಪ್ಪಿಸಲೆಂದೇ ರೈಲು ಸೇತುವೆಯ ಕೆಳಗಿನ ಓಣಿಗೆ ಹೊಕ್ಕ. ಅಲ್ಲಿ ಹಗಲಲ್ಲೂ ಮಬ್ಬು. ಕಲ್ಲಿದ್ದಲ ಅಂಗಡಿಯ ಗೇಟಿನ ಹತ್ತಿರ ನಾಲ್ವರು ಎದುರಾದರು, ಒಬ್ಬನ ಹಣೆ ಒಡೆದಿತ್ತು. ಮುಂದೆ ಇದ್ದವನು ಕೆವ್ ಪಿಲ್ಲಿಂಗ್. ಕ್ಲಿಫ್‌ಗೆ ಅವನನ್ನು ಕಂಡು ಸಂತೋಷವೇ ಆಯಿತು. ಇಂಥ ದಿನ ನಮ್ಮವರು ಸಿಕ್ಕರಲ್ಲ ಎಂದುಕೊಂಡ.

"ಏನಪ್ಪಾ, ಟೈಮೆಷ್ಟು?" ಕೆವ್ ಕೇಳಿದ.

ನಾನು ಕಣೋ, ಕ್ಲಿಫ್, ಎಂದ ಅವನು. ಶಾಲಿನಾಚೆಗೆ ಬಂದದ್ದು ಬರೀ ಹೂಂಕಾರ.

"ಟೈಮೆಷ್ಟು ಅಂತ ಕೇಳ್ದೆ. ನಾಲ್ಗೆ ಎಲ್ಲಿಟ್ಟಿದೀಯ? ಗುಡ್ಡದಾಚೆ ಬಿಟ್ಟು ಬಂದ್ಯಾ?"

ಅವನು ಶಾಲು ಸರಿಸಲು ಕೈಯೆತ್ತಿದ. "ಚಾಕು, ಚಾಕು ತೆಗೀತಾನೆ!" ಎಂದು ಹಿಂದಿನವನು ಕೂಗಿದ. ಕೆವ್‌ನ ಮುಷ್ಟಿ ನೇರ ದವಡೆಯ ಮೇಲೆ ಬಿತ್ತು. ಕಟ್ಟಿದ್ದ ತಂತಿ ಒಸಡಿನೊಳಗೆ ನುಗ್ಗಿತು, ಬಾಯಿ ತುಂಬ ರಕ್ತ ಬಂತು. ಉಗುಳೋಣವೆಂದರೆ ಬಾಯಿ ತೆರೆಯುವಂತಿಲ್ಲ, ನುಂಗಬೇಕು. ಮಂಡಿಯೂರಿದ. ಎರಡೂ ಕೈಯಲ್ಲಿ ಬಲಗಣ್ಣು ಮುಚ್ಚಿಕೊಂಡ. ಯಾರೋ ಕೈಗಳನ್ನು ಹಿಡಿದು ಎಳೆದರು. ಎದ್ದು ಒಬ್ಬನನ್ನಾದರೂ ನೆಲಕ್ಕೆ ಕೆಡವುವಷ್ಟು ಶಕ್ತಿ ಅವನಲ್ಲಿ ಇನ್ನೂ ಇತ್ತು. ಆದರೆ ನಮ್ಮ ಹುಡುಗರಲ್ಲವೇ ಎಂದು ಕೈ ಏಳಲಿಲ್ಲ. ಆಮೇಲೆ ಬೂಟು ಬಂತು, ಒಮ್ಮೆ, ಮತ್ತೊಮ್ಮೆ, ಇನ್ನೂ ಒಮ್ಮೆ.

ಕೊಟ್ಟ ಮಾತನ್ನು ಮುರಿದ ದಿನಗಳಲ್ಲೆಲ್ಲ ಉಳಿದುಕೊಂಡಿದ್ದ ಕಣ್ಣು, ಆಣೆಯನ್ನು ಉಳಿಸಿಕೊಂಡ ದಿನ ಹೋಯಿತು. ಇದನ್ನು ಬರೆಯುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ, ಯಾರ ಮೇಲೆಂದು ಮಾತ್ರ ಗೊತ್ತಾಗುವುದಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂದು ಊರಿನ ಕೆಲವರು ಅಂದರು. ಅಂದವರು ಅವನ ಮಂಚದ ಹತ್ತಿರ ಹೋಗಿ ನಿಂತಿರಲಿಲ್ಲ.

ಆಸ್ಪತ್ರೆಯಲ್ಲಿ ಪೊಲೀಸರು ಯಾರು ಹೊಡೆದರೆಂದು ಕೇಳಿದಾಗ ಕ್ಲಿಫ್ ತಲೆಯಾಡಿಸಿದ, ಗೊತ್ತಿಲ್ಲ. ಮಾರ್ಲೀನ್ ಕೇಳಿದಾಗಲೂ ಅಷ್ಟೇ. ಸ್ಕಾರ್ಬೆಕ್ಕಿನವರೇ ಎಂದು ಊರೆಲ್ಲ ನಂಬಿತು.

ಮಂಗಳವಾರ ಮಧ್ಯಾಹ್ನ ಕೆವ್ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ದ್ರಾಕ್ಷಿ ಹಿಡಿದು ಬಂದ. ಕ್ಲಿಫ್‌ನ ತಲೆಯಿಂದ ಗಲ್ಲದವರೆಗೆ ಬ್ಯಾಂಡೇಜು. ಮಾರ್ಲೀನ್ ಪಕ್ಕದಲ್ಲಿ ಕುಳಿತು ಅವನ ಕೈ ಹಿಡಿದುಕೊಂಡಿದ್ದಳು.

"ಯೋಚ್ನೆ ಮಾಡ್ಬೇಡ ಕ್ಲಿಫ್," ಕೆವ್ ಮಂಚದಂಚಿಗೆ ಕುಳಿತು ಶುರುಮಾಡಿದ. "ಅರ್ಧ ಸೇಡು ಅವತ್ತೇ ತೀರಿಸ್ಬಿಟ್ವಿ. ಸೇತುವೆ ಕೆಳಗೆ ಒಬ್ಬ ಸ್ಕಾರ್ಬೆಕ್ ನಾಯಿ ಸಿಕ್ಕಿದ್ದ. ನೀನು ಹೇಳಿಕೊಟ್ಟಂಗೇ ಟೈಮ್ ಕೇಳಿದ್ವಿ. ಬಾಯೇ ಬಿಡ್ಲಿಲ್ಲ ಬಡ್ಡೀಮಗ. ಚಚ್ಚಿ ಹಾಕಿದ್ವಿ."

"ಸಣ್ಣಗೆ ಅಳ್ತಿದ್ದ," ಎಂದ ಒಬ್ಬ ಗೆಳೆಯ.

"ಇನ್ನರ್ಧ ಬಾಕಿ ಇದೆ. ಇಬ್ರೂ ಅದೇ ಡಿವಿಷನ್ನಲ್ಲೇ ಇದೀವಲ್ಲ, ಮುಂದಿನ ವರ್ಷ ನಾವು ಅವರೂರಿಗೆ ಹೋಗ್ಬೇಕು. ಮೊದ್ಲು ಸಿಕ್ಕೋನು ಯಾರೇ ಆಗ್ಲಿ, ಎರಡೂ ಕಣ್ಣು ಕಿತ್ಕೊಂಡು ಬರ್ತೀನಿ. ನಮ್ಮಮ್ಮನ ಮೇಲಾಣೆ."

ಬ್ಯಾಂಡೇಜಿನೊಳಗೆ ಕ್ಲಿಫ್ ಲೆಕ್ಕ ಹಾಕಿದ. ಸುಮ್ಮನಿದ್ದರೆ ಪಬ್ಬಿನಲ್ಲಿ ಅವನ ಹೆಸರು ಇರುತ್ತದೆ. ವೈರಿಗಳ ಕೈಯಲ್ಲಿ ಕಣ್ಣು ಕಳೆದುಕೊಂಡವನೆಂದು ಸಾಯುವವರೆಗೂ ಬಿಯರ್ ಕೊಡಿಸುತ್ತಾರೆ. ಬಾಯಿ ಬಿಟ್ಟರೆ ನಗೆಪಾಟಲು. ಆದರೆ ಸ್ಕಾರ್ಬೆಕ್ಕಿನಲ್ಲೂ ಒಬ್ಬ ಇರುತ್ತಾನೆ, ಆಟ ಮುಗಿಸಿ ಮನೆಗೆ ಹೊರಟವನು, ಹೆಂಡತಿಗೆ ಮಾತು ಕೊಟ್ಟು ಬಂದವನು.

ಅವನು ಹಲ್ಲಿನೊಳಗಿಂದ ನಾಲ್ಕು ಮಾತು ಆಡಿದ.

"ಏನಂತೆ?" ಕೆವ್ ಮಾರ್ಲೀನ್‌ಳ ಮುಖ ನೋಡಿದ.

ಅವಳು ಬಿಳಿಚಿಕೊಂಡಿದ್ದಳು. "ಇನ್ನೊಂದ್ಸಲ ಹೇಳು," ಎಂದು ಗಂಡನ ಬಾಯಿಗೆ ಕಿವಿ ಕೊಟ್ಟಳು. ಅವನು ಹೇಳಿದ. ಅವಳು ನೆಟ್ಟಗೆ ಕುಳಿತು, ಪಾಠ ಒಪ್ಪಿಸುವವಳಂತೆ ಹೇಳಿದಳು: "ನೀನೇ ಕಣೋ ಕೆವ್, ಅಂತಿದ್ದಾನೆ. ಕಲ್ಲಿದ್ದಲ ಗೇಟಿನ ಹತ್ರ. ನಾಲ್ಗೆ ಗುಡ್ಡದಾಚೆ ಬಿಟ್ಟು ಬಂದ್ಯಾ ಅಂತ ಕೇಳ್ದೆಯಂತೆ."

"ಇಲ್ಲ ಇಲ್ಲ," ಕೆವ್ ನಗಲು ನೋಡಿದ. "ಅವ್ನು ಯಾರೋ ಮುದುಕನ ಥರ ಇದ್ದ. ಟೋಪಿ, ದೊಡ್ಡ ಕೋಟು..."

"ನಮ್ಮಪ್ಪಂದು ಕೋಟು."

ದ್ರಾಕ್ಷಿಯ ಚೀಲ ಕೆವ್‌ನ ತೊಡೆಯಿಂದ ಜಾರಿತು. ಗೆಳೆಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಬಾಗಿಲ ಕಡೆ ಹೆಜ್ಜೆ ಹಾಕಿದರು. ಮಾರ್ಲೀನ್ ಎದ್ದು ಕೆವ್‌ನ ಕೆನ್ನೆಗೆ ಹೊಡೆದಳು. ಹೊಡೆಯುತ್ತಲೇ ಇದ್ದಳು. ಅವನು ತಪ್ಪಿಸಿಕೊಳ್ಳಲಿಲ್ಲ. ಕ್ಲಿಫ್ ಸದ್ದು ಬಂದ ಕಡೆ ಕೈ ಚಾಚಿ ಗಾಳಿಯಲ್ಲಿ ತಡಕಾಡಿದ. ಅವಳ ಕೈಯಲ್ಲ, ಕೆವ್‌ನ ತೋಳು ಸಿಕ್ಕಿತು. ಅದನ್ನು ಹಿಡಿದು ತನ್ನ ಕಡೆ ಎಳೆದುಕೊಂಡ. ಅವಳ ಕೈ ನಿಂತಿತು.

"ಕಣ್ಣು ವಾಸಿ ಆಗತ್ತಲ್ವಾ ಕ್ಲಿಫ್?" ಕೆವ್ ಕೇಳಿದ. "ಆಗಸ್ಟಿಗೆ... ಆಗಸ್ಟಿಗೆ ಹೊಸ ಸೀಸನ್ನು ಶುರುವಾಗೋ ಹೊತ್ಗೆ ಕಾಣತ್ತೆ, ಅಲ್ವಾ?"

"ಇಲ್ಲ," ಎಂದ ಕ್ಲಿಫ್. ಆ ಒಂದು ಮಾತನ್ನು ಯಾರೂ ತಿಳಿಸಿ ಹೇಳಬೇಕಾಗಲಿಲ್ಲ.