ಕುರ್ಚಿ ಕಾಲಿಗೆ ಸೈಕಲ್ ಟ್ಯೂಬ್

ನಾನು ಹುಮನಾಬಾದಿನಿಂದ ದಿನಾ ಬಸ್ಸಿನಲ್ಲಿ ಬಸವಕಲ್ಯಾಣಕ್ಕೆ ಹೋಗಿ ಒಂದನೇ ತರಗತಿಗೆ ಪಾಠ ಹೇಳುತ್ತಿದ್ದೆ. ಆ ವರ್ಷ ನನ್ನ ತರಗತಿಗೆ ಆಟಿಸಂ ಇರುವ ಒಬ್ಬ ಹುಡುಗಿ ಬಂದಳು. ಮಾತು ಕಡಿಮೆ, ಅಕ್ಷರದ ಮೇಲೆ ವಿಪರೀತ ಪ್ರೀತಿ. ಬಿಸ್ಕೀಟಿನ ಹಾಳೆ ಸಿಕ್ಕರೂ ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸುವಳು. ಅವಳ ಅಪರಾಧ ಒಂದೇ, ಬೆಂಚಿನ ಮೇಲೆ ಕೂಡುತ್ತಿರಲಿಲ್ಲ. ನಮ್ಮ ಬೆಂಚುಗಳೋ ಏಳನೇ ತರಗತಿಯವರ ಅಳತೆಯವು. ಅವಳ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಜೋತಾಡುವ ಕಾಲನ್ನು ಒದೆಯುತ್ತ, ಜಾರುತ್ತ, ಕೊನೆಗೆ ಎದ್ದು ಕಿಟಕಿಯ ಹತ್ತಿರ ನಿಲ್ಲುವಳು.

ನಮ್ಮ ಮುಖ್ಯೋಪಾಧ್ಯಾಯರಿಗೆ ಶಿಸ್ತೆಂದರೆ ಪ್ರಾಣ. ಬೆಳಿಗ್ಗೆಯಿಂದ ಸಂಜೆತನಕ ಮೊಬೈಲು ಕಿವಿಗಿಟ್ಟುಕೊಂಡು ವರಾಂಡದಲ್ಲಿ ಅಡ್ಡಾಡುತ್ತಲೇ, ಮಕ್ಕಳು ಯಾಕೆ ಒಂದು ಕಡೆ ಕೂಡುವುದಿಲ್ಲವೆಂದು ಕೊರಗುತ್ತಿದ್ದರು. ಹುಡುಗಿಯ ತಾಯಿಯನ್ನು ಮೇಲಿಂದ ಮೇಲೆ ಕರೆಸುವರು. ಆಕೆ ಹೊಲದ ಕೆಲಸ ಬಿಟ್ಟು ಬಂದು, ಮಗಳು ಕೂಡುವುದಿಲ್ಲವೆಂಬ ಹೊಸ ಸುದ್ದಿಯನ್ನು ಕೇಳಿಸಿಕೊಂಡು ಹೋಗುವಳು.

"ಮನ್ಯಾಗರ ಕೂಡ್ತಾಳೇನು?" ಎಂದು ಮುಖ್ಯೋಪಾಧ್ಯಾಯರು ಒಮ್ಮೆ ಆಕೆಯನ್ನು ಕೇಳಿದರು.

"ಕೂಡ್ತಾಳ್ರಿ ಸರ್. ಗ್ವಾಡಿಗಿ ಕಾಲು ಒತ್ತಿ ಕೂಡ್ತಾಳ."

"ಇಲ್ಲಿ ಹಂಗ ನಡ್ಯಂಗಿಲ್ಲ. ಇದು ಸರ್ಕಾರಿ ಗ್ವಾಡಿ."

ಅಷ್ಟರಲ್ಲಿ ಹುಮನಾಬಾದಿನಲ್ಲಿ ನಮಗೆ ಒಂದು ತರಬೇತಿ ನಡೆಯಿತು. ಒಂದು ಕಡೆ ಕೂಡಲಾರದ ಮಕ್ಕಳ ಬಗ್ಗೆ ಇಡೀ ದಿನ ಒಂದು ಕಡೆ ಕೂತು ಕೇಳುವ ತರಬೇತಿ. ಮಧ್ಯಾಹ್ನದ ಹೊತ್ತಿಗೆ ನನ್ನ ಪಕ್ಕದ ಟೀಚರು ಚಪ್ಪಲಿ ಕಳಚಿ ಕಾಲು ಕುಣಿಸುತ್ತಿದ್ದರು, ಹಿಂದಿನ ಸಾಲು ಕುರ್ಚಿ ಓಲಾಡಿಸುತ್ತಿತ್ತು, ನಮ್ಮ ಮುಖ್ಯೋಪಾಧ್ಯಾಯರು ಚಹಾದ ನೆಪದಲ್ಲಿ ಮಾಯವಾಗಿದ್ದರು.

"ಜರಾ ಅಲ್ಲಾಡದಂಗ ಕೂಡ್ರಿ," ಎಂದರು ತರಬೇತಿ ಕೊಡುವವರು. "ಮಕ್ಕಳಿಗಿ ಯಾಕ ಅಲ್ಲಾಡಬೇಕನಸ್ತದ ಅಂತ ಹೇಳಾಕತ್ತೇನಿ."

ಯಾರೂ ನಗಲಿಲ್ಲ. ಆದರೆ ಆ ಮನುಷ್ಯ ಹೇಳಿದ್ದು ಚೊಲೋ ಇತ್ತು. ಇಂಥ ಮಗುವಿಗೆ ಪಾದ ಊರಲು ಜಾಗ ಬೇಕು. ಕುರ್ಚಿಯ ಮುಂದಿನ ಎರಡು ಕಾಲಿಗೆ ಅಡ್ಡಲಾಗಿ ರಬ್ಬರ್ ಪಟ್ಟಿ ಕಟ್ಟಿದರೆ ಕಾಲು ಅದನ್ನು ಒತ್ತುತ್ತ ಇರುತ್ತದೆ, ಮೈ ನೆಲೆ ನಿಲ್ಲುತ್ತದೆ. ಎದುರಿನ ಗೋಡೆ ಖಾಲಿ ಇರಬೇಕು. ಏಳಬೇಕೆನಿಸಿದರೆ ಏಳಲು ಬಿಡಬೇಕು.

ಸಂಜೆ ಬಸ್ ನಿಲ್ದಾಣದ ಹತ್ತಿರ ಸೈಕಲ್ ಅಂಗಡಿಗೆ ಹೋಗಿ ಹಳೆಯ ಟ್ಯೂಬ್ ಕೇಳಿದೆ.

"ಯಾವ ಗಾಡಿಗಿ ಬೇಕ್ರಿ ಮೇಡಂ?"

"ಕುರ್ಚಿಗ್ರಿ."

ಅಂಗಡಿಯವನು ನನ್ನ ಮುಖ ನೋಡಿ, ಒಂದು ತುಂಡು ಕತ್ತರಿಸಿ ಕೊಟ್ಟ.

ಮರುದಿನ ಪಕ್ಕದ ಅಂಗನವಾಡಿಯಿಂದ ಗಿಡ್ಡ ಕುರ್ಚಿ ತಂದು ಟ್ಯೂಬ್ ಕಟ್ಟಿದೆ. ಎದುರಿನ ಗೋಡೆಯ ಪಟಗಳನ್ನೆಲ್ಲ ತೆಗೆದೆ. ಹುಡುಗಿ ಮೊದಲು ಟ್ಯೂಬನ್ನು ಮೂಸಿದಳು, ಎಳೆದು ಬಿಟ್ಟು ಸಪ್ಪಳ ಮಾಡಿದಳು, ಆಮೇಲೆ ಎದ್ದು ಕಿಟಕಿಗೆ ಹೋದಳು. ಹೀಗೇ ಕೆಲವು ದಿನ ಹೋಯಿತು. ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ನಿಂತು ನೋಡಿದರು.

"ಏನ್ರಿ ಟೀಚರ್, ಇದು ಸಾಲ್ಯೋ, ಪಂಕ್ಚರ್ ದುಕಾನೋ?"

"ತರಬೇತ್ಯಾಗ ಹೇಳಿದ್ರಲ್ರಿ ಸರ್."

"ನಾನೂ ಅಲ್ಲೇ ಇದ್ದೆ. ನನಗ್ಯಾಕ ಕೇಳಸಲಿಲ್ಲ?"

ಚಹಾದಂಗಡಿಯವರೆಗೂ ಧ್ವನಿವರ್ಧಕ ಇರಲಿಲ್ಲವೆಂದು ಹೇಳುವಷ್ಟು ನನ್ನ ನೌಕರಿ ಗಟ್ಟಿಯಾಗಿರಲಿಲ್ಲ.

ಒಂದು ಬೆಳಿಗ್ಗೆ ಪದ್ಯ ಹೇಳಿಸುತ್ತಿದ್ದಾಗ ನೋಡುತ್ತೇನೆ, ಅವಳ ಎರಡೂ ಹಿಮ್ಮಡಿ ಟ್ಯೂಬಿನ ಮೇಲಿವೆ. ಒತ್ತುತ್ತಾಳೆ, ಬಿಡುತ್ತಾಳೆ. ಪದ್ಯ ಮುಗಿಯುವವರೆಗೂ ಏಳಲಿಲ್ಲ. ನನಗೆ ಪದ್ಯವೇ ಮರೆತುಹೋಯಿತು. ಉಳಿದ ಮಕ್ಕಳು ಪದ್ಯದಲ್ಲಿ ನನ್ನನ್ನು ದಾಟಿಕೊಂಡು ಮುಂದೆ ಹೋದರು.

ಸುದ್ದಿ ತಿಳಿದ ಕೂಡಲೇ ಮುಖ್ಯೋಪಾಧ್ಯಾಯರು ಉತ್ಸಾಹಗೊಂಡರು. ತಮ್ಮ ಭಾವಚಿತ್ರದ ಕೆಳಗೆ 'ವಿಶೇಷ ಮಕ್ಕಳಿಗೆ ವಿಶೇಷ ಆಸನ' ಎಂದು ಬಣ್ಣಬಣ್ಣದ ಪೋಸ್ಟರ್ ಮಾಡಿಸಿ, ನಾನು ಖಾಲಿ ಮಾಡಿದ್ದ ಗೋಡೆಗೇ ಅಂಟಿಸಿದರು. ವಿಶೇಷ ಆಸನದಲ್ಲಿದ್ದ ಹುಡುಗಿ ತಕ್ಷಣ ಎದ್ದು ಹೋಗಿ ಅಕ್ಷರಗಳ ಮೇಲೆ ಬೆರಳಿಟ್ಟಳು. ಎಲ್ಲವನ್ನೂ ನೋಡಿ ಮುಗಿಸಿದ ಮೇಲೆ ಭಾವಚಿತ್ರವಿದ್ದ ಮೂಲೆಯಿಂದ ಸುಲಿಯತೊಡಗಿದಳು. ತಡೆಯಬೇಕಿತ್ತು. ಆದರೆ ಏಳಬೇಕೆನಿಸಿದಾಗ ಏಳಲು ಬಿಡಬೇಕೆಂದು ತರಬೇತಿಯಲ್ಲಿ ಹೇಳಿದ್ದರಲ್ಲ, ಸುಮ್ಮನಿದ್ದೆ. ಸುಲಿದು ಉಳಿದ ಪೋಸ್ಟರ್ ಆಫೀಸು ಕೋಣೆಗೆ ಹೋಯಿತು. ಅಲ್ಲಿ ಅದನ್ನು ಬಂದವರೆಲ್ಲ ನೋಡುತ್ತಾರೆ, ಯಾರೂ ಸುಲಿಯುವುದಿಲ್ಲ.

ಅವಳು ಇಡೀ ದಿನ ಕೂಡುವಂತೆ ಆಗಲಿಲ್ಲ. ಒಂದು ಪಾಠ ಕೂತು, ಒಂದು ಪಾಠ ಕಿಟಕಿಯ ಹತ್ತಿರ ನಿಂತೇ ಬರೆಯುವಳು. ಅಲ್ಲಿ ಅವಳಿಗಾಗಿ ಒಂದು ಎತ್ತರದ ಮೇಜು ಇಟ್ಟೆ.

ಒಂದು ದಿನ ಅವಳ ತಾಯಿ ಯಾರೂ ಕರೆಸದೆ ತಾನಾಗಿ ಬಂದಳು. ಬಾಗಿಲ ಮರೆಯಲ್ಲಿ ನಿಂತವಳನ್ನು ನೋಡಿ, "ಒಳಗ ಬರ್ರಿ ಅಕ್ಕಾ," ಎಂದೆ.

"ಬ್ಯಾಡ್ರಿ ಟೀಚರ್," ಎಂದಳು ಮೆಲ್ಲಗೆ. "ನನ್ನ ನೋಡಿದ್ರ ಎದ್ದಬಿಡ್ತಾಳ. ಕೂತಿದ್ದು ಇನ್ನಾ ಜರಾ ನೋಡ್ತೀನಿ."

ಊಟದ ಗಂಟೆ ಹೊಡೆಯುವವರೆಗೂ ಆಕೆ ಅಲ್ಲಿಯೇ ನಿಂತಿದ್ದಳು.